ಪುದೀನಕ್ಕನ ಭಾನುವಾರಗಳು

ಪುದೀನಕ್ಕಂಗೆ ಪುದೀನ ಕಂಡ್ರೆ ಆಗಲ್ಲ. ಈ ಮಾತನ್ನ ಮೊದಲೇ ಹೇಳಿಬಿಡೋದು ಒಳ್ಳೇದು, ಯಾಕಂದ್ರೆ ಊರಲ್ಲಿ ಇದು ಯಾರಿಗೂ ಗೊತ್ತಿಲ್ಲ, ಹೇಳಿದ್ರೂ ನಂಬಲ್ಲ. ಹದಿನಾರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಪುದೀನ ಮ್ಯೂಸಿಯಂ ಬೀಗ ತೆಗೆಯೋಳು ಅವಳೇ, ಸಂಜೆ ಐದಕ್ಕೆ ಹಾಕೋಳೂ ಅವಳೇ, ನಡುವೆ ಬಂದವರಿಗೆಲ್ಲ ಎಲೆ ಹಿಸುಕಿ ಮೂಗಿನ ಹತ್ರ ಹಿಡಿದು, "ಮೊದಲು ತಂಪು ಬರುತ್ತೆ, ತಾಳಿ, ಆಮೇಲೆ ನೋಡಿ, ಆಗ ತಾನೇ ಚೂಪು ಮಾಡಿದ ಪೆನ್ಸಿಲ್ ವಾಸನೆ ಬರುತ್ತೆ, ಅದು ನಮ್ಮೂರ ಪುದೀನಕ್ಕೆ ಮಾತ್ರ" ಅಂತ ಹೇಳೋಳೂ ಅವಳೇ. ಸ್ಕೂಲ್ ಮಕ್ಕಳು, ಹೊಸ ಜೋಡಿಗಳು, ಬಸ್ ತಪ್ಪಿಸ್ಕೊಂಡು ಟೈಮ್‌ಪಾಸ್‌ಗೆ ಒಳಗೆ ನುಗ್ಗಿದವರು, ಎಲ್ಲರೂ ಕಣ್ಣು ಮುಚ್ಚಿ ಮೂಸಿ "ಹೌದಲ್ವಾ" ಅಂತಾರೆ. ಅಕ್ಕ ನಗ್ತಾಳೆ. ಆ ನಗು ಎಷ್ಟು ಚೆನ್ನಾಗಿದೆ ಅಂದ್ರೆ ಮ್ಯೂಸಿಯಂ ನಡೆಸೋರಲ್ಲಿ ಒಬ್ಬರಾದ ಟೈಲರ್ ಅದರ ಫೋಟೋ ತೆಗೆದು, ದೊಡ್ಡದು ಮಾಡಿಸಿ, ಗೇಟಿಗೇ ಕಟ್ಟಿದ್ದಾರೆ. ಅಂದ್ರೆ ಅಕ್ಕ ಪ್ರತಿ ಭಾನುವಾರ ತನ್ನದೇ ನಗುವಿನ ಕೆಳಗೆ ಬಗ್ಗಿ ಒಳಗೆ ಹೋಗಬೇಕು.

ಮ್ಯೂಸಿಯಂ ಅಂದ್ರೆ ದೊಡ್ಡದೇನಲ್ಲ. ಹಿಂದೆ ಪುದೀನ ಎಣ್ಣೆ ತೆಗೀತಿದ್ದ ಫ್ಯಾಕ್ಟರಿ ಒಂದಿತ್ತು, ಅದು ಮುಚ್ಚಿ, ಜಾಗ ಎಲ್ಲ ಗೋಡೌನ್‌ಗಳಾಗಿ, ಉಳಿದಿದ್ದು ಎರಡು ರೂಮು, ಒಂದು ಹಿತ್ತಲು. ಮೊದಲನೇ ರೂಮಲ್ಲಿ ಆಳೆತ್ತರದ ತಾಮ್ರದ ಭಟ್ಟಿ, ಕುಡುಗೋಲು, ಗೋಣಿಚೀಲ, ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು ಸಾಲಾಗಿ ನಿಂತ ಕೆಲಸದವರ ಫೋಟೋ. ಎರಡನೇ ರೂಮಲ್ಲಿ ಗಾಜಿನ ಬೀರು, ಅದರ ತುಂಬ ಬೆರಳುದ್ದದ ಶೀಶೆಗಳು, ಒಂದು ಮೇಜು, ಕಾಲು ಅಲ್ಲಾಡೋ ಮೂರು ಕುರ್ಚಿ. ಹಿತ್ತಲಲ್ಲಿ ಎರಡು ಪಾತಿ. ಒಂದು ನಮ್ಮೂರ ಪುದೀನ, ಪಕ್ಕದ್ದು ಹೊರಗಿನದು, ಎಲ್ಲ ಮಾರ್ಕೆಟ್ಟಲ್ಲೂ ಸಿಗುತ್ತಲ್ಲ ಅದು. ಬಂದವರು ಎರಡನ್ನೂ ಮೂಸಿ ಹೋಲಿಸಿ ನೋಡ್ಲಿ ಅಂತ. ನೋಡೋಕೆ ಎರಡೂ ಅವಳಿ ಮಕ್ಕಳ ಥರ, ಎಲೆ ಅದೇ, ದಂಟು ಅದೇ, ಗೊತ್ತಾಗೋದು ಮೂಗಿಗೆ ಮಾತ್ರ. ಒಂದರ ಬಳ್ಳಿಬೇರು ಇನ್ನೊಂದಕ್ಕೆ ನುಗ್ಗದೇ ಇರ್ಲಿ ಅಂತ ನಡುವೆ ಮಣ್ಣಲ್ಲಿ ತಗಡು ಹೂತಿದ್ದಾರೆ. ಪುದೀನ ತಗಡಿಗೆಲ್ಲ ಕೇರ್ ಮಾಡಲ್ಲ, ಅದು ಬೇರೆ ವಿಷಯ. ಸಂಬಳ ಅಂತ ಯಾರಿಗೂ ಇಲ್ಲ. ಅವರವರ ಬಿಡುವಲ್ಲಿ ಬಂದು ಮಾಡಿ ಹೋಗೋದು.

ಬಿಡುವು ಅಂದೆವಲ್ಲ, ಅಲ್ಲೇ ಇರೋದು ಕಥೆ. ಮೇಜಿನ ಮೇಲ್ಗಡೆ ಗೋಡೆಗೆ ಒಂದು ಕರೀ ಬೋರ್ಡು. ವಾರದ ಏಳು ದಿನ, ಪಕ್ಕಕ್ಕೆ ಹೆಸರು. ಎಲ್ಲದರ ಮೇಲೆ, ಗುಂಡು ಗುಂಡು ಅಕ್ಷರದಲ್ಲಿ, ಟೀಚರ್ ಬರೆದ ನಿಯಮ: ನಿಮ್ಮ ಹೆಸರನ್ನು ನೀವು ಅಳಿಸಬಾರದು, ನಿಮ್ಮ ಜಾಗಕ್ಕೆ ಬರುವವರು ಅಳಿಸಬೇಕು. ಟೀಚರ್ ಅಂದ್ರೆ ಮ್ಯೂಸಿಯಂ ಅಧ್ಯಕ್ಷರು, ಅರ್ಧ ಊರಿಗೆ ಪಾಠ ಹೇಳಿ ರಿಟೈರ್ ಆದವರು, ಅಕ್ಕಂಗೂ ಮೂರನೇ ಕ್ಲಾಸಲ್ಲಿ ಮಗ್ಗಿ ಹೇಳಿಕೊಟ್ಟವರು. ಶುರುವಿನ ವರ್ಷ ಜನ ತಲೆನೋವು ಅಂತ, ನೆಂಟರು ಬಂದ್ರು ಅಂತ ತಮ್ಮ ಹೆಸರು ತಾವೇ ಒರೆಸಿ ಮಾಯ ಆಗ್ತಿದ್ರಂತೆ, ಅದಕ್ಕೇ ಈ ನಿಯಮ. ನಿಯಮ ಎಷ್ಟು ಗಟ್ಟಿ ಅಂದ್ರೆ ಮಂಗಳವಾರದ ಎದುರು ಇವತ್ತಿಗೂ 'ಗಡಿಯಾರದ ತಾತ' ಅಂತಿದೆ. ಗಡಿಯಾರ ರಿಪೇರಿ ಮಾಡ್ತಿದ್ದ ಆ ತಾತ ತೀರಿಹೋಗಿ ಆರು ವರ್ಷ ಆಯ್ತು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಅದಕ್ಕೆ ಯಾರೂ ಅಳಿಸಲಿಲ್ಲ. ಮಂಗಳವಾರ ಯಾರಾದ್ರೂ ಬೀಗ ನೋಡಿ ಫೋನ್ ಮಾಡಿದ್ರೆ ಟೈಲರ್ ತಮ್ಮ ಮಿಷಿನ್ ನಿಲ್ಲಿಸದೇನೇ, "ಇವತ್ತು ತಾತನ ಡ್ಯೂಟಿ, ಅವರು ಸ್ವಲ್ಪ ಲೇಟು" ಅಂತಾರೆ.

ಅಕ್ಕನ ಹೆಸರು ಆ ಬೋರ್ಡಲ್ಲಿ ಎರಡು ಕಡೆ ಇದೆ. ಭಾನುವಾರದ ಎದುರು ಒಂದು. ಎಲ್ಲದರ ಕೆಳಗೆ ಇನ್ನೊಂದು: 'ಮೂಗು: ಪುದೀನಕ್ಕ.'

ಮೂಗು ಅಂದ್ರೆ ಇಲ್ಲಿ ಒಂದು ಪದವಿ. ವರ್ಷಕ್ಕೊಂದು ಸಲ ಹಿತ್ತಲ ಪುದೀನ ಕೊಯ್ದು ಸಣ್ಣ ಭಟ್ಟೀಲಿ ಹಾಕಿ ಒಂದಷ್ಟು ಎಣ್ಣೆ ತೆಗೀತಾರೆ. ಅದನ್ನ ಮೂಸಿ 'ಹೌದು, ಇದು ನಮ್ಮದೇ' ಅಂತ ಹೇಳೋದು ಮೂಗಿನ ಕೆಲಸ. ಶೀಶೆಗೆ ಲೇಬಲ್ ಅಂಟಿಸಿ 'ಮೂಸಿ ನೋಡಿದವರು' ಅನ್ನೋ ಗೆರೆ ಮೇಲೆ ಸಹಿ ಹಾಕೋದೂ ಮೂಗೇ. ಪಾತಿ ದಾಟಿ ಬಂದ ಹೊರಗಿನ ಪುದೀನ ಹುಡುಕಿ ಕೀಳೋದೂ ಮೂಗೇ. ಮೂಗು ಬಿಟ್ಟು ಹೋಗಬೇಕು ಅಂದ್ರೆ ಇನ್ನೊಂದು ಮೂಗನ್ನ ತಂದು, ಏಳು ಶೀಶೆ ಇಟ್ಟು ಟೆಸ್ಟ್ ಮಾಡಿ, ಪಾಸ್ ಅಂತ ಬಾಯಿಬಿಟ್ಟು ಹೇಳಿ ಹೋಗಬೇಕು.

ಅಕ್ಕನ ಅಪ್ಪ ಫ್ಯಾಕ್ಟರೀಲಿ ಮೂಗಾಗಿದ್ದವರು. ನಿಜವಾದ ಮೂಗು, ಸಂಬಳದ ಮೂಗು. ಡ್ರಮ್ ಮುಚ್ಚಳ ತೆಗೆದು ಒಂದು ಸಲ ಉಸಿರೆಳೆದ್ರೆ ಯಾವ ಗದ್ದೇದು, ಎಷ್ಟು ದಿನ ಲೇಟಾಗಿ ಕೊಯ್ದಿದ್ದು ಅಂತ ಹೇಳ್ತಿದ್ರು. ಹಾಗಾಗಿ ಮನೇಲಿ ವಾಸನೆಗೆ ಕರ್ಫ್ಯೂ. ಪೌಡರ್ ಇಲ್ಲ, ಸೆಂಟ್ ಇಲ್ಲ, ಈರುಳ್ಳಿ ಇಲ್ಲ, ಸೋಪು ಅಂದ್ರೆ ವಾಸನೆ ಇಲ್ಲದ್ದು. ಅಕ್ಕ ಹತ್ತನೇ ಕ್ಲಾಸಲ್ಲಿ ಗೆಳತಿ ಕೊಟ್ಟ ಸೆಂಟನ್ನ ಮಣಿಕಟ್ಟಿಗೆ ಒಂದೇ ಒಂದು ಚೂರು ಹಚ್ಚಿಕೊಂಡು ಬಂದಿದ್ದಕ್ಕೆ ಅಪ್ಪ ಬೈಯಲಿಲ್ಲ, ಹೊಡೀಲಿಲ್ಲ, ಸುಮ್ನೆ ಎದ್ದು ಹೊರಗೆ ಹೋಗಿ ಜಗಲಿ ಮೇಲೆ ಮಲಗಿದ್ರು. ಅದಕ್ಕಿಂತ ಎರಡೇಟು ವಾಸಿ ಇತ್ತು. ಮಗಳ ಮೂಗೂ ಚುರುಕು ಅಂತ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದ್ರು, ಅಪ್ಪ ಹೋದ ಮೇಲೆ ಟೀಚರ್ ಬಂದು, "ಅಪ್ಪನ ಜಾಗ ಖಾಲಿ ಇಡಬಾರದಮ್ಮ" ಅಂದ್ರು, ಮೂರನೇ ಕ್ಲಾಸಿನ ಟೀಚರಿಗೆ ಆಗಲ್ಲ ಅನ್ನೋದು ಹೇಗೆ. ಅವತ್ತು ಬೋರ್ಡ್ ಮೇಲೆ ಹತ್ತಿದ ಹೆಸರು ಇಳಿದಿಲ್ಲ.

ಉಳಿದ ಆರು ದಿನ ಅಕ್ಕ ಕನ್ನಡಕದ ಅಂಗಡೀಲಿ ಕೆಲಸ ಮಾಡ್ತಾಳೆ. ಗಿರಾಕಿಗಳನ್ನ ಸ್ಟೂಲ್ ಮೇಲೆ ಕೂರಿಸಿ, ಗೋಡೆ ಮೇಲಿನ ಅಕ್ಷರ ಓದಿಸಿ, "ಇದು ಕ್ಲಿಯರ್ರಾ, ಅದು ಕ್ಲಿಯರ್ರಾ" ಅಂತ ಗಾಜು ಬದಲಾಯಿಸೋದು. ಮಜಾ ಏನು ಗೊತ್ತಾ, ಕಣ್ಣು ಚೆನ್ನಾಗಿರೋರು ತಡವರಿಸಿ ಓದ್ತಾರೆ. ಕಾಣದೇ ಇರೋರು, ಅದೂ ಡ್ರೈವಿಂಗ್ ಲೈಸೆನ್ಸಿಗೆ ಬಂದೋರು, ಕ್ಯೂನಲ್ಲಿ ನಿಂತಾಗ್ಲೇ ಮುಂದಿನವರ ಬಾಯಿಂದ ಕೇಳಿ ಬಾಯಿಪಾಠ ಮಾಡ್ಕೊಂಡು, ಜೋರಾಗಿ ಪಟಪಟ ಅಂತ ಓದ್ತಾರೆ. ಅಕ್ಕ ಅವರನ್ನ ಒಂದೇ ನಿಮಿಷದಲ್ಲಿ ಹಿಡೀತಾಳೆ. ಬೈಯಲ್ಲ. ಮೆತ್ತಗೆ, "ಇನ್ನೊಂದ್ಸಲ, ಕೆಳಗಿನಿಂದ ಮೇಲಕ್ಕೆ ಓದ್ತೀರಾ?" ಅಂತಾಳೆ.

ಅವಳಿಗೆ ಆ ಕಳ್ಳತನ ಚೆನ್ನಾಗಿ ಗೊತ್ತು. ಯಾಕಂದ್ರೆ ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂದು, ಒಂಬತ್ತು ದಿನ ಇದ್ದು, ಹೋಗೋವಾಗ ಅಕ್ಕನ ಮೂಗನ್ನೂ ಜೊತೇಲಿ ಕರ್ಕೊಂಡು ಹೋಯ್ತು. ವಾಸನೆ ಅನ್ನೋದು ಪೂರ್ತಿ ಬಂದ್. ಅದನ್ನ ಮೊದಲು ಕಂಡುಹಿಡಿದಿದ್ದು ತಮ್ಮನ ಹೆಂಡತಿ. ಅಕ್ಕ ಇರೋದು ತಮ್ಮನ ಮನೇಲಿ, ಮೆಟ್ಟಿಲ ಪಕ್ಕದ ಸಣ್ಣ ರೂಮಲ್ಲಿ.

"ಅತ್ತಿಗೆ, ಹಾಲು ಇದ್ದಿಲಾಗಿದೆ."

"ಹೌದಾ? ಪೇಪರ್ ಓದ್ತಿದ್ದೆ ಕಣೇ."

"ಪೇಪರ್ ಕಣ್ಣಲ್ಲಿ ಓದ್ತಾರೆ, ಮೂಗಲ್ಲಲ್ಲ. ಬೀದಿಯವರೆಗೂ ಸೀದ ವಾಸನೆ, ನೀವು ಒಲೆ ಪಕ್ಕದಲ್ಲೇ ಕೂತಿದ್ದೀರ." ಅವಳು ಒಳಗೆ ಹೋಗಿ ಏನೋ ತಂದು ಅಕ್ಕನ ಮೂಗಿನ ಕೆಳಗೆ ಹಿಡಿದಳು. "ಕಣ್ಣು ಮುಚ್ಚಿ. ಇದೇನು?"

ಅಕ್ಕ ಸ್ವಲ್ಪ ಯೋಚನೆ ಮಾಡಿ, "ಸೋಪು" ಅಂದ್ಲು.

"ಫಿನಾಯಿಲ್, ಅತ್ತಿಗೆ."

ಅಕ್ಕ ಪೇಪರ್ ಮಡಚಿಟ್ಟಳು. ಆಮೇಲೆ ಅಕ್ಕ, "ಯಾರಿಗೂ ಹೇಳ್ಬೇಡ" ಅಂದ್ಲು.

"ಹೇಳಲ್ಲ. ಆದ್ರೆ ಇನ್ಮೇಲೆ ಗ್ಯಾಸ್ ಹತ್ರ ನೀವು ಬರಬೇಡಿ. ನಾನಿದ್ದಾಗ ಮಾತ್ರ ಅಡುಗೆಮನೆ."

ಹೀಗೆ ಮನೇಲಿ ಒಂದು ರೂಮು ಕಮ್ಮಿಯಾಯ್ತು. ಮ್ಯೂಸಿಯಂ ಮಾತ್ರ ಹಾಗೇ ಇತ್ತು. ಒಂದು ವಿಚಿತ್ರ ಏನಂದ್ರೆ, ಪುದೀನ ಮೂಸಿದ್ರೆ ಅಕ್ಕಂಗೆ ತಂಪು ಮಾತ್ರ ಈಗಲೂ ಬರುತ್ತೆ. ಮೂಗಿನ ಒಳಗೆ ಚಳಿ ಚುಚ್ಚಿದ ಹಾಗೆ. ಅದರ ಹಿಂದೆ ಬರಬೇಕಾಗಿದ್ದ ಪೆನ್ಸಿಲ್ ಬರಲ್ಲ, ಖಾಲಿ ತಂಪು. ಆ ತಂಪು ಎರಡೂ ಪುದೀನದಲ್ಲಿ ಒಂದೇ. ಅಕ್ಕ ಅದನ್ನೇ ಹಿಡಿದುಕೊಂಡು ನಾಲ್ಕು ವರ್ಷ ಕಣ್ಣು ಮುಚ್ಚಿದಳು, ತಲೆ ಆಡಿಸಿದಳು, ಸಹಿ ಹಾಕಿದಳು. ಹೇಳಿಬಿಡೋಣ ಅಂತ ಎಷ್ಟೋ ಸಲ ಹೊರಟಿದ್ದಾಳೆ. ಹೇಳಿದ್ರೆ ಹಳೇ ಲೇಬಲ್ ಎಲ್ಲ ಸುಳ್ಳು. ಹೇಳದೇ ಬಿಟ್ಟು ಹೋಗೋಣ ಅಂದ್ರೆ ಇನ್ನೊಂದು ಮೂಗನ್ನ ಟೆಸ್ಟ್ ಮಾಡಬೇಕು, ಮೂಗಿಲ್ಲದವಳು ಮೂಗನ್ನ ಟೆಸ್ಟ್ ಮಾಡೋದು ಹೇಗೆ. ಒಂದು ಬಾಗಿಲಿನ ಕೀ ಇನ್ನೊಂದು ಬಾಗಿಲೊಳಗೆ, ಅದರ ಕೀ ಇದರೊಳಗೆ.

ಇಂಥದ್ರಲ್ಲಿ ಅಂಗಡಿ ಓನರ್ ಒಂದು ದಿನ ಗಾಜು ಒರೆಸ್ತಾ ಹೇಳಿದ್ರು, ಸಮುದ್ರದ ಊರಲ್ಲಿ ಹೊಸ ಅಂಗಡಿ ತೆಗೀತಿದ್ದೀನಿ, ಬಸ್ಸಲ್ಲಿ ನಾಲ್ಕು ಗಂಟೆ ದಾರಿ, ಪೂರ್ತಿ ನೀವೇ ನೋಡ್ಕೊಳ್ಳಿ, ಮೇಲೆ ಒಂದು ರೂಮಿದೆ, ಒಲೆ ಕರೆಂಟಿಂದು, ಕಿಟಕಿ ತೆಗೆದ್ರೆ ಸಮುದ್ರ. ಐವತ್ತೆರಡು ವರ್ಷದ ಅಕ್ಕಂಗೆ ಅವತ್ತು ಸಂಜೆ ಮೂರು ಗಿರಾಕಿಗೆ ತಪ್ಪು ಗಾಜು ಹಾಕೋ ಹಾಗಾಯ್ತು, ಅಷ್ಟು ಖುಷಿ. ಭಾನುವಾರ ಸಂಜೆ ಆರರ ಒಳಗೆ ಹೌದು ಇಲ್ಲ ಹೇಳಬೇಕು, ಇಲ್ಲಾಂದ್ರೆ ಬೇರೆಯವರನ್ನ ಕಳಿಸ್ತೀನಿ ಅಂದ್ರು ಓನರ್.

ಅದೇ ವಾರ, ಬುಧವಾರ, ಕಟಿಂಗ್ ಶಾಪಿನವನು ಓದೋ ಕನ್ನಡಕಕ್ಕೆ ಅಂತ ಬಂದ. ನಲವತ್ತರ ಆಸುಪಾಸಿನವನು, ಕಮ್ಮಿ ಮಾತು, ಕಟಿಂಗ್ ಮಾಡೋರಲ್ಲಿ ಇದು ಅಪರೂಪ. ಸ್ಟೂಲ್ ಮೇಲೆ ಕೂತು, ಗಾಜಿನ ಒಳಗಿಂದ ಅಕ್ಕನ್ನ ನೋಡ್ತಾ ಕೇಳಿದ:

"ಅಕ್ಕ, ಮ್ಯೂಸಿಯಂ ಗೇಟಲ್ಲಿ ಮೂಗು ಬೇಕಾಗಿದೆ ಅಂತ ಚೀಟಿ ಇದೆಯಲ್ಲ. ನಾನು ಬರ್ಲಾ?"

ಅಕ್ಕನ ಕೈಯಲ್ಲಿದ್ದ ಗಾಜು ಅಲ್ಲೇ ನಿಂತಿತು. ಅಕ್ಕನೇ ಆ ಚೀಟಿ ಅಂಟಿಸಿ ನಾಲ್ಕು ವರ್ಷ, ಒಬ್ಬರೂ ಬಂದಿರಲಿಲ್ಲ. "ನಿಂಗೆ ಆ ವಾಸನೆ ಗೊತ್ತೇನಪ್ಪ?"

"ಗೊತ್ತು. ಅಪ್ಪನ ಕಾಲದ ಫ್ಯಾಕ್ಟರಿ ಎಣ್ಣೆ ಅರ್ಧ ಬಾಟ್ಲಿ ಅಂಗಡೀಲಿದೆ. ಶೇವಿಂಗ್ ನೀರಿಗೆ ಒಂದು ಹನಿ ಹಾಕ್ತೀನಿ, ದಿನಾ. ಇಪ್ಪತ್ತು ವರ್ಷದಿಂದ ಅದೇ ಮೂಸ್ತಿದ್ದೀನಿ."

ಅಕ್ಕಂಗೆ ಎದೆ ಹಗುರಾಗಬೇಕಿತ್ತು, ಆಯ್ತು ಕೂಡ, ಅರ್ಧ ಸೆಕೆಂಡು. ಆಮೇಲೆ ಇನ್ನೊಂದು ಹೊಳೀತು. ಇವನದು ನಿಜವಾದ ಮೂಗು.

ಭಾನುವಾರ ಬೆಳಿಗ್ಗೆ ಅಕ್ಕ ಏಳು ಶೀಶೆ ತುಂಬಿದಳು. ಐದು ಬೇರೆ ಬೇರೆ ಊರಿನ ಎಣ್ಣೆ, ಅಂಗಡೀಲಿ ಸಿಗೋದು. ನಾಲ್ಕನೇ ನಂಬರಿನದು ಈ ವರ್ಷ ನಮ್ಮ ಪಾತಿಯಿಂದ ತೆಗೆದಿದ್ದು. ಆರನೇದು ಪಕ್ಕದ ಹೊರಗಿನ ಪಾತೀದು. ಚೀಟೀಲಿ ನಾಲ್ಕು ಅಂತ ಬರೆದು ಮಡಚಿ ಟೀಚರ್ ಕೈಗೆ ಕೊಟ್ಟಳು. ಇವನು ನಾಲ್ಕು ಅಂದ್ರೆ ಪಾಸ್ ಅನ್ನೋದು, ಮುಗೀತು. ಮೂಗು ಬೇಕಾಗೇ ಇಲ್ಲ ಇದಕ್ಕೆ, ನಂಬರ್ ನೆನಪಿದ್ರೆ ಸಾಕು. ಬಾಯಿಪಾಠದ ಗಿರಾಕಿ ಥರ.

ಟೀಚರ್ ನಡುವಿನ ಕುರ್ಚೀಲಿ, ಟೈಲರ್ ಕಿಟಕಿ ಹತ್ರ. ಅಪ್ಪನ ಫೋಟೋ ಬೀರು ಮೇಲೆ.

"ಇಪ್ಪತ್ತು ವರ್ಷ ಊರವರ ತಲೆ ಮೂಸಿರೋ ಮೂಗು ಟೀಚರ್, ಇದಕ್ಕಿಂತ ಟ್ರೈನಿಂಗ್ ಬೇಕಾ" ಅಂದ್ರು ಟೈಲರ್.

"ನಿಮ್ಮ ತಲೇಲಿ ಕೂದಲೇ ಇಲ್ಲ ಟೈಲರಣ್ಣ, ನೀವು ಸಾಕ್ಷಿ ಹೇಳೋ ಹಾಗಿಲ್ಲ" ಅಂದ ಅವನು, ನಗದೇ.

"ಸಾಕು, ಕೂತ್ಕೊಳ್ಳಿ" ಅಂದ್ರು ಟೀಚರ್, ಇಬ್ಬರೂ ಮೂರನೇ ಕ್ಲಾಸಲ್ಲಿ ಇದ್ದ ಹಾಗೆ ಕೂತ್ರು.

ಅವನು ಒಂದೊಂದೇ ಶೀಶೆ ಎತ್ತಿದ. ನಡುನಡುವೆ ತನ್ನ ಅಂಗಿ ತೋಳು ಮೂಸಿ ಮೂಗು ಸರಿ ಮಾಡ್ಕೋತಿದ್ದ. ಅಪ್ಪನೂ ಹಾಗೇ ಮಾಡ್ತಿದ್ರು. ಅಕ್ಕಂಗೆ ಅದು ಮರೆತೇ ಹೋಗಿತ್ತು. ಏಳು ಮುಗಿಸಿ, ಮತ್ತೆ ಮೊದಲಿಂದ ಏಳು. ನಾಲ್ಕನೇದರ ಹತ್ರ ನಿಂತ. ಆರನೇದು ಎತ್ತಿದ. ಮತ್ತೆ ನಾಲ್ಕು. ಹುಬ್ಬು ಗಂಟು ಹಾಕಿದ.

"ಅಕ್ಕ, ತಪ್ಪು ತಿಳೀಬೇಡಿ. ಇದರಲ್ಲಿ ನಮ್ಮದು ಇಲ್ಲ."

"ಇಲ್ಲ ಅಂದ್ರೆ?" ಅಂದ್ರು ಟೀಚರ್.

"ಏಳರಲ್ಲೂ ಇಲ್ಲ. ತಂಪಿದೆ, ಪೆನ್ಸಿಲ್ ಇಲ್ಲ. ಮತ್ತೆ ನಾಲ್ಕೂ ಆರೂ ಒಂದೇ ಎಣ್ಣೆ. ಒಂದೇ ಎಣ್ಣೇನ ಎರಡು ಶೀಶೇಲಿ ಇಟ್ಟು ಪರೀಕ್ಷೆ ಮಾಡ್ತಿದ್ದೀರ ಅನ್ಸುತ್ತೆ."

ನಾಲ್ಕು ನಮ್ಮ ಪಾತಿ, ಆರು ಹೊರಗಿನ ಪಾತಿ ಅನ್ನೋದು ಆ ರೂಮಲ್ಲಿ ಗೊತ್ತಿದ್ದಿದ್ದು ಅಕ್ಕಂಗೆ ಒಬ್ಬಳಿಗೆ. ಅವನಿಗೆ ಗೊತ್ತಾಗೋಕೆ ದಾರೀನೇ ಇಲ್ಲ, ಮೂಗಿನ ಹೊರತು. ನಾಲ್ಕು ವರ್ಷದ ಭಾನುವಾರಗಳು ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು. ಕಳೆ ತೆಗೆಯೋಕೆ ಅಪ್ಪ ಹೇಳಿಕೊಟ್ಟ ಕ್ರಮ ಒಂದಿದೆ: ಹಿಸುಕು, ಮೂಸು, ಆಮೇಲೆ ಕೀಳು. ಅಕ್ಕ ಹಿಸುಕಿದಳು, ಮೂಸಿದ ಹಾಗೆ ಮಾಡಿದಳು, ಕಿತ್ತಳು. ಗೊತ್ತಾಗದೇ ಇದ್ದಾಗ, ಅಂದ್ರೆ ಯಾವಾಗಲೂ, ತಗಡಿನ ಪಕ್ಕ ಇದ್ದಿದ್ದನ್ನೆಲ್ಲ ದಾಟಿ ಬಂದಿದ್ದು ಅಂದುಕೊಂಡು ಕಿತ್ತಳು. ಹೊರಗಿನದು ತಗಡಿನ ಕೆಳಗೇ ಹೋಗಿ ನಡುವಲ್ಲಿ ಎದ್ದು ಹಾಯಾಗಿ ಕೂತಿತ್ತು. ಅಂಚಲ್ಲಿ ಉಳಿದಿದ್ದ ನಿಜವಾದ ಪುದೀನಾನ ಅಕ್ಕ ತನ್ನ ಕೈಯಾರೆ, ಬುಟ್ಟಿ ಬುಟ್ಟಿ, ನಲ್ಲಿ ಹಿಂದಿನ ತಿಪ್ಪೆಗೆ ಎಸೆದು ಬಂದಿದ್ದಳು.

"ಏನಮ್ಮಾ," ಅಂದ್ರು ಟೀಚರ್, ಮಡಚಿದ ಚೀಟಿ ಬಿಚ್ಚದೇ. "ನೀನು ಹೇಳು. ಸರೀನಾ, ತಪ್ಪಾ?"

ಸರಿ ಅಂದ್ರೆ ಇವನು ಪಾಸ್, ಅಕ್ಕ ಬಯಲು. ತಪ್ಪು ಅಂದ್ರೆ ಮಾನ ಉಳಿಯುತ್ತೆ, ಭಾನುವಾರಗಳೂ ಉಳಿಯುತ್ತವೆ, ಒಂದೂ ಬಿಡದೇ, ಸಾಯೋವರೆಗೆ. ಸತ್ತ ಮೇಲೂ, ತಾತನ್ನ ನೋಡಿದ್ರೆ.

"ತಪ್ಪು" ಅಂದ್ಲು ಅಕ್ಕ. ಬೇಕಾಗಿದ್ದಕ್ಕಿಂತ ಜೋರಾಗಿ. ಗೋಡೆ ಮೇಲಿನ ಅಕ್ಷರ ಕಾಣದವರು ಓದ್ತಾರಲ್ಲ, ಹಾಗೆ. "ನಾಲ್ಕನೇದು ನಮ್ಮದು."

ಅವನು ವಾದ ಮಾಡ್ತಾನೆ ಅಂದುಕೊಂಡಳು. ಮಾಡಲಿಲ್ಲ. ಶೀಶೆ ಮುಚ್ಚಳ ಎಲ್ಲ ಜೋಪಾನವಾಗಿ ಹಾಕಿ, "ನೀವು ಹೇಳಿದ ಮೇಲೆ ಮುಗೀತು ಅಕ್ಕ. ನನ್ನ ಮೂಗೇ ಕೆಟ್ಟಿರಬೇಕು" ಅಂತ ಹೇಳಿ ಕೈ ತೊಳೆಯೋಕೆ ಹಿತ್ತಲಿಗೆ ಹೋದ.

ಟೈಲರ್ ಬೇಜಾರಲ್ಲಿ ಕಿಟಕಿ ಕಡೆ ತಿರುಗಿದ್ರು. ಟೀಚರ್ ಬಂದು ಅಕ್ಕನ ಭುಜ ತಟ್ಟಿ, "ಇರ್ಲಿ ಬಿಡಮ್ಮ, ನೀನಿದ್ದೀಯಲ್ಲ" ಅಂದ್ರು. ಎಷ್ಟು ಪ್ರೀತಿಯಿಂದ ಅಂದ್ರು ಅಂದ್ರೆ ಅಕ್ಕ ಅವರ ಮುಖ ನೋಡಲಾರದೇ ಗೋಡೆ ಕಡೆ ತಿರುಗಿದಳು. ಗಡಿಯಾರ ಹನ್ನೊಂದೂಕಾಲು ತೋರಿಸ್ತಿತ್ತು.

ಹಿತ್ತಲಲ್ಲಿ ನಲ್ಲಿ ನಿಂತಿತು. ಅವನು ವಾಪಸ್ ಬಂದಾಗ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬೆರಳ ನಡುವೆ ಒಂದು ದಂಟಿತ್ತು, ಬೇರಿಗೆ ಕಸ ಅಂಟಿತ್ತು.

"ಅಕ್ಕ, ನಲ್ಲಿ ಹಿಂದೆ ತಿಪ್ಪೇಲಿ ಸೊಂಪಾಗಿ ಬೆಳೆದಿದೆಯಲ್ಲ, ಇದು ಯಾವುದು? ನಂಗೆ ಇದೇ ಅನ್ಸುತ್ತೆ. ಕೆಟ್ಟ ಮೂಗು ಇರಬಹುದು. ನೀವೇ ಒಂದ್ಸಲ ನೋಡಿ."

ಅವನ ದನೀಲಿ ಕುಹಕ ಇರಲಿಲ್ಲ. ಅದೇ ಕಷ್ಟ. ನಿಜವಾಗ್ಲೂ ಅವಳನ್ನೇ ಕೇಳ್ತಿದ್ದ. ಟೀಚರೂ ಅವಳನ್ನೇ ನೋಡ್ತಿದ್ರು, ಟೈಲರೂ ತಿರುಗಿ ನೋಡ್ತಿದ್ರು. ಅಕ್ಕ ಕಳೆ ಅಂದ್ರೆ ಅದು ಕಳೆ. ನಾಳೆ ತಿಪ್ಪೆ ಕ್ಲೀನ್ ಮಾಡ್ಸಿ ಅಂದ್ರೆ ಮಾಡಿಸ್ತಾರೆ, ನಮ್ಮೂರ ಪುದೀನ ಅಲ್ಲಿಗೆ ಖತಂ.

ಅಕ್ಕ ಎಲೆ ತಗೊಂಡಳು. ಹಿಸುಕಿದಳು. ಮೂಗಿಗೆ ಹಿಡಿದಳು. ತಂಪು ಬಂತು, ಚುಚ್ಚಿತು, ನಿಂತಿತು. ಅದರ ಹಿಂದೆ ಬರಬೇಕಾದ್ದಕ್ಕೆ ಅವಳು ಕಾದಳು, ಬರಲ್ಲ ಅಂತ ಗೊತ್ತಿದ್ದೂ ಕಾದಳು.

"ನಂಗೆ ಗೊತ್ತಿಲ್ಲ" ಅಂದ್ಲು. "ನಂಗೆ ವಾಸನೆ ಬರಲ್ಲ ಟೀಚರ್. ಆ ಜ್ವರ ಬಂದಾಗಿಂದ. ನಾಲ್ಕು ವರ್ಷ ಆಯ್ತು. ಅವನು ಹೇಳಿದ್ದು ಪೂರ್ತಿ ಸರಿ. ನಾಲ್ಕೂ ಆರೂ ಒಂದೇ, ನಾನೇ ನಮ್ಮದನ್ನ ಕಿತ್ತು ತಿಪ್ಪೆಗೆ ಹಾಕಿದ್ದೀನಿ."

ಹೊರಗೆ ಬಸ್ಸೊಂದು ಹಾರ್ನ್ ಹಾಕ್ತಾ ಹೋಯ್ತು. ಟೀಚರ್ ಅಕ್ಕನ ಕೈಯಿಂದ ಎಲೆ ತಗೊಂಡು ಮೂಸಿದ್ರು. ಮತ್ತೆ ಮೂಸಿದ್ರು. ಕನ್ನಡಕ ತೆಗೆದ್ರು.

"ಇದೇ" ಅಂದ್ರು ಮೆತ್ತಗೆ. "ಫ್ಯಾಕ್ಟರಿ ಸೈರನ್ ಆದಾಗ ಕ್ಲಾಸಿನ ಕಿಟಕಿಯಿಂದ ಬರ್ತಿತ್ತಲ್ಲ, ಇದೇ."

"ಹಾಗಾದ್ರೆ ನಾಲ್ಕು ವರ್ಷ ನಾವು ಮಾರ್ಕೆಟ್ ಪುದೀನ ಮೂಸಿ ಆಹಾ ಅಂತಿದ್ವಾ" ಅಂದ್ರು ಟೈಲರ್.

"ನೀವೂ ಮೂಸ್ತಿದ್ರಲ್ಲ ಟೈಲರಣ್ಣ" ಅಂದ ಕಟಿಂಗಿನವನು.

"ಮೂಸ್ತಿದ್ವಪ್ಪ. ಇವಳು ತಲೆ ಆಡಿಸಿದ ಮೇಲೆ ಮೂಸ್ತಿದ್ವಿ."

ಟೀಚರ್ ಮುಖದಲ್ಲಿ ಸಿಟ್ಟು ಬರುತ್ತೆ, ಬಂದು ತನ್ನನ್ನ ಹೊರಗೆ ಹಾಕುತ್ತೆ ಅಂತ ಅಕ್ಕ ಕಾಯ್ತಾ ನಿಂತಳು. ಹೊರಗೆ ಹಾಕಿಬಿಟ್ರೆ ಎಷ್ಟು ಚೆನ್ನಾಗಿತ್ತು. ಟೀಚರ್ ಮಾಡಿದ್ದು ಬೇರೆ. ಕಟಿಂಗಿನವನಿಗೆ ಬೋರ್ಡ್ ತೋರಿಸಿ, "ನೀವು ಪಾಸು. ಅಳಿಸಿ" ಅಂದ್ರು. ಅವನು ಅಕ್ಕನ ಮುಖ ನೋಡಿದ. ಅಕ್ಕ ತಲೆ ಆಡಿಸಿದಳು. ಒದ್ದೆ ಕೈಯಲ್ಲೇ ಕೆಳಗಿನ ಸಾಲು ಒರೆಸಿದ. ಹದಿನಾರು ವರ್ಷದ ಹೆಸರು ಎರಡು ಸೆಕೆಂಡಲ್ಲಿ ಬಿಳೀ ನೀರಾಗಿ ಗೋಡೆ ಮೇಲೆ ಇಳೀತು.

"ಭಾನುವಾರದ್ದೂ ಅಳಿಸಪ್ಪ" ಅಂದ್ಲು.

ಅವನು ಕೈ ಹಿಂದೆ ತಗೊಂಡ. "ಭಾನುವಾರ ನಂಗಾಗಲ್ಲ ಅಕ್ಕ. ಭಾನುವಾರ ತಾನೇ ಅಂಗಡಿ ತುಂಬೋದು. ಇವತ್ತು ಬಂದಿದ್ದೇ ಭಾವಮೈದನ್ನ ಕೂರಿಸಿ. ಈಗ ಎಷ್ಟು ಜನರ ಮೀಸೆ ಹೋಗಿದೆಯೋ."

ಟೈಲರ್ ನಕ್ಕರು. ಅಕ್ಕನೂ ನಗಬೇಕು ಅಂದುಕೊಂಡಳು. ಅಷ್ಟರಲ್ಲಿ ಟೀಚರ್ ಚಾಕ್‌ಪೀಸ್ ತಗೊಂಡು, ಖಾಲಿಯಾದ ಜಾಗದ ಕೆಳಗೆ, ಗುಂಡು ಗುಂಡಾಗಿ ಬರೀತಿದ್ರು: 'ಹೊಸ ಪಾತಿ: ಪುದೀನಕ್ಕ.'

"ಕಿತ್ತವಳು ನೀನೇ ಅಲ್ವಾಮ್ಮ, ನೆಡೋಳೂ ನೀನೇ ಆಗ್ಬೇಕು. ಹಳೇ ಪಾತಿ ಪೂರ್ತಿ ಬಗೆದು, ಇದನ್ನ ನೆಟ್ಟು, ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು. ನಿಂಗೆ ಕ್ಷಮೆ ಗಿಮೆ ಎಲ್ಲ ಬೇಡ. ನೀನು ನಮ್ಮೋಳು."

ಮತ್ತೆ ಎರಡು ಕಡೆ ಹೆಸರು. ಒಂದು ಗಂಟೆ ಮುಂಚೆ ಎಷ್ಟಿತ್ತೋ ಅಷ್ಟೇ.

ಅಕ್ಕ ಗುದ್ದಲಿ ತಗೊಂಡು ಹಿತ್ತಲಿಗೆ ಹೋದಳು. ಅದು ತನ್ನ ತಪ್ಪು, ಅದನ್ನ ತನ್ನ ಕೈಯಲ್ಲೇ ಸರಿ ಮಾಡಬೇಕು ಅನ್ನೋದ್ರಲ್ಲಿ ಅವಳಿಗೆ ಸಂಶಯ ಇರಲಿಲ್ಲ. ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಹಳೇ ಪಾತಿಯ ಮಣ್ಣನ್ನ ಮೊಣಕೈ ಆಳ ಬಗೆದು ಒಂದೊಂದು ಬೇರಿನ ಎಳೇನೂ ಆರಿಸಿ ಚೀಲಕ್ಕೆ ತುಂಬಿದಳು. ಟೈಲರ್ ತಗಡನ್ನ ಇನ್ನೂ ಆಳಕ್ಕೆ ಬಡಿದ್ರು, ಎರಡು ಸಲ ಹೆಬ್ಬೆರಳಿಗೂ ಬಡ್ಕೊಂಡ್ರು. ಕಟಿಂಗಿನವನು ಭಾವಮೈದನಿಗೆ ಫೋನ್ ಮಾಡಿ, ಮೀಸೆ ಮುಟ್ಟಬೇಡ ಅಂತ ಹೇಳಿ, ತಿಪ್ಪೆ ಹತ್ರ ಕುಕ್ಕರಗಾಲಲ್ಲಿ ಕೂತ. ಅಕ್ಕ ಒಂದು ದಂಟು ಎತ್ತಿ ಕೊಡೋದು, ಅವನು ಹಿಸುಕಿ ಮೂಸಿ "ಹೂಂ" ಅನ್ನೋದು, ಇಲ್ಲಾಂದ್ರೆ "ಉಹೂಂ" ಅನ್ನೋದು. ಹೂಂ ಅಂದಿದ್ದು ಪಾತಿಗೆ, ಉಹೂಂ ಅಂದಿದ್ದು ಚೀಲಕ್ಕೆ. ನಾಲ್ಕು ವರ್ಷದಲ್ಲಿ ಮೊದಲನೇ ಸಲ ಅಕ್ಕ ಯಾವ ನಾಟಕಾನೂ ಮಾಡದೇ ಪುದೀನ ಮುಟ್ಟಿದ್ಲು. ಸಂಜೆ ಐದಕ್ಕೆ ನಲವತ್ತೊಂದು ದಂಟು ಸಾಲಾಗಿ ನಿಂತಿದ್ದವು, ತಲೆ ಬಾಗಿಸಿ, ನೀರು ಕುಡೀತಾ.

"ನಾಳೆಯಿಂದ ನೀರು" ಅಂದ್ರು ಟೀಚರ್, ಒಳಗಿಂದಲೇ.

ಅಕ್ಕ ಕೈ ತೊಳೆದು ಬೋರ್ಡ್ ಮುಂದೆ ಬಂದು ನಿಂತಳು. ಐದೂ ನಲವತ್ತು. ತನ್ನ ಹೆಸರು ತಾನು ಅಳಿಸೋ ಹಾಗಿಲ್ಲ. ಅವಳ ಕಣ್ಣು ಭಾನುವಾರದಿಂದ ಮೇಲಕ್ಕೆ ಹೋಗಿ ಮಂಗಳವಾರದ ಹತ್ರ ನಿಂತಿತು. ಗಡಿಯಾರದ ತಾತ. ಆರು ವರ್ಷದಿಂದ ತಾತನ ಹೆಸರು ಅಲ್ಲೇ ಡ್ಯೂಟಿ ಮಾಡ್ತಿದೆ. ತಾತ ಇಲ್ಲ. ಬೋರ್ಡು ಹಿಡ್ಕೊಂಡಿರೋದು ಹೆಸರನ್ನ, ಅಷ್ಟೇ. ಇಷ್ಟು ವರ್ಷ ಇದೇ ಬೋರ್ಡ್ ಎದುರು ಕೂತು ಇದನ್ನ ನೋಡದೇ ಇದ್ದಿದ್ದಕ್ಕೆ ಅಕ್ಕಂಗೆ ನಾಚಿಕೆ ಆಯ್ತು, ಕಣ್ಣಿನ ಅಂಗಡೀಲಿ ಕೆಲಸ ಮಾಡೋಳು ಬೇರೆ.

ಹಿತ್ತಲ ಬಾಗಿಲಲ್ಲಿ ನಿಂತು ಓನರಿಗೆ ಫೋನ್ ಮಾಡಿದಳು.

"ಸಾರ್, ನಾನು ಬರ್ತೀನಿ. ಹೂಂ, ಖಂಡಿತ. ಒಂದು ಕೇಳ್ಬೇಕಿತ್ತು, ಆ ರೂಮಿನ ಸುತ್ತ ಮುತ್ತ ಗಿಡ ಏನಾದ್ರೂ ಇದೆಯಾ?"

"ಅಯ್ಯೋ ಇಲ್ಲಮ್ಮ," ಓನರಿಗೆ ಗಾಬರಿ, ಇವಳು ಮನಸ್ಸು ಬದಲಾಯಿಸ್ತಾಳೆ ಅಂತ. "ಎಲ್ಲ ಸಿಮೆಂಟು. ಬೇಕಿದ್ರೆ ಒಂದೆರಡು ಕುಂಡ ತರಿಸೋಣ."

"ಬೇಡ ಸಾರ್, ಸಿಮೆಂಟೇ ಇರ್ಲಿ."

ಒಳಗೆ ಬಂದು ಹೇಳಿದಳು. ಸುತ್ತಿ ಬಳಸದೇ ಹೇಳಿದಳು, ಬೇರೆ ಊರು, ಹೊಸ ಅಂಗಡಿ, ಬುಧವಾರ ಹೊರಡ್ತೀನಿ, ಎರಡು ದಿನ ಬಂದು ನೀರು ಹಾಕಿ ಹೋಗ್ತೀನಿ, ಆಮೇಲೆ ಪಾತಿಗೆ ಮೂಗಿರೋರೇ ಇದ್ದಾರಲ್ಲ. ಟೀಚರ್ ಕೇಳ್ತಾ ಕೇಳ್ತಾ ಬೋರ್ಡ್ ಕಡೆ ನೋಡಿದ್ರು.

"ಮತ್ತೆ ನಿನ್ನ ಹೆಸರು?"

"ಇರ್ಲಿ ಟೀಚರ್. ನಿಯಮ ಮುರಿಯೋದು ಬೇಡ. ಯಾರಾದ್ರೂ ಬಂದು ಅಳಿಸೋವರೆಗೆ ಅಲ್ಲೇ ಇರ್ಲಿ."

"ಭಾನುವಾರ ಜನ ಬಂದು ಬೀಗ ನೋಡಿ ಕೇಳಿದ್ರೆ ಏನು ಹೇಳೋದು?"

"ಸ್ವಲ್ಪ ಲೇಟು ಅಂತ ಹೇಳಿ."

ಟೈಲರ್ ಹೆಬ್ಬೆರಳು ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟರು. ಟೀಚರ್ ನಗಲಿಲ್ಲ. ಮೂರನೇ ಕ್ಲಾಸಲ್ಲಿ ತಪ್ಪು ಮಗ್ಗಿ ಹೇಳಿದಾಗ ನೋಡ್ತಿದ್ದ ಹಾಗೇ ಅಕ್ಕನ್ನ ತುಂಬ ಹೊತ್ತು ನೋಡಿದ್ರು. ಆಮೇಲೆ ಮ್ಯೂಸಿಯಂ ಕೀ ಗೊಂಚಲು ಕೊಡು ಅನ್ನೋ ಹಾಗೆ ಅಕ್ಕನ ಮುಂದೆ ಕೈ ಚಾಚಿದ್ರು.